ಗೇಟಿಗೆ ಬೀಗ, ಕೋವಿಗೆ ಮೊಳೆ

ಶಾಲೆ ಕಂಪೌಂಡು ಎತ್ತರ ಮಾಡೂಕೆ, ಗೇಟಿಗೊಬ್ಬ ವಾಚಮನ್ ಇಡೂಕೆ, ನಾಲ್ಕು ಸಿಸಿ ಕ್ಯಾಮರಾ ಹಾಕೂಕೆ ಅಂತ ನಮ್ಮ ಕಡೆ ತಾಯಂದಿರು ಸೇರಿ ದುಡ್ಡು ಕೂಡಿಸ್ತಾ ಇದ್ದಾರೆ. ನನ್ನ ಪಾಲಿನದು ಕೊಟ್ಟಾತು. ಕೊಟ್ಟ ಮೇಲೆ ಎರಡು ಮಾತು ಆಡೂ ಹಕ್ಕೂ ನಂಗದೆ. ಮೀಟಿಂಗಿನಲ್ಲಿ ಆಡೂಕೆ ಹೋದೆ, "ಊಟದ ಹೊತ್ತಾತು, ಮುಂದಿನ ಸಲ ನೋಡ್ವ" ಅಂದ್ರು. ಹಾಗಾಗಿ ಇಲ್ಲಿ ಬರೀತೆ. ಅಕ್ಕಂದಿರು, ತಂಗಿಯರು, ವೈನಿಯರು, ಸಾರು ಒಲೆ ಮೇಲೆ ಇಟ್ಕಂಡೇ ಓದಿ, ಆದ್ರೆ ಪೂರ್ತಿ ಓದಿ.

ಈ ಹೆದರಿಕೆ ಎಲ್ಲಿಂದ ಬಂತು ಅಂತ ನಿಮಗೂ ಗೊತ್ತದೆ. ಅಮೆರಿಕದಲ್ಲಿ ಯಾವುದೋ ಶಾಲೆಯಲ್ಲಿ ಹುಡುಗನೊಬ್ಬ ಗುಂಡು ಹಾರಿಸಿದ ವಿಡಿಯೋ ತಾಯಂದಿರ ವಾಟ್ಸಾಪಿನಲ್ಲಿ ಬಂತು. ಕೆಳಗೆ ಒಬ್ಬರು, "ನಮ್ಮಲ್ಲೂ ಆದ್ರೆ ಎಂತಾ ಮಾಡೂದು?" ಅಂತ ಬರೆದ್ರು. ಅದಕ್ಕೂ ಮುಂಚೆ ಬೆಂಗಳೂರಿಂದು ಆಗಿತ್ತಲ್ಲ, 2023ರ ಡಿಸೆಂಬರ್ 1ಕ್ಕೆ ಬೆಳಗಾಗೂದ್ರೊಳಗೆ ಹತ್ತಾರು ಶಾಲೆಗಳಿಗೆ ಬಾಂಬ್ ಇಟ್ಟಿದ್ದೇವೆ ಅಂತ ಮೇಲ್ ಬಂದದ್ದು. ಪೂರಾ ಸುಳ್ಳು. ಆದ್ರೆ ಬೆಂಗಳೂರಲ್ಲಿ ಮಕ್ಕಳಿರೂ ನಮ್ಮ ನೆಂಟರೆಲ್ಲ ಅವತ್ತು ಹೇಗೆ ಓಡಿದ್ರು ಅಂತ ಫೋನಿನಲ್ಲಿ ಕೇಳಿದ್ದೇವೆ. ಹೆದರಿಕೆ ಸುಳ್ಳಲ್ಲ. ಹೆದರಿದ ಮೇಲೆ ನಾವು ಮುಖ ಯಾವ ಕಡೆ ಮಾಡಿ ನಿಂತಿದ್ದೇವೆ ಅನ್ನೂದೇ ನನ್ನ ತಕರಾರು. ನಾವು ರಸ್ತೆ ಕಡೆ ಮುಖ ಮಾಡಿ ನಿಂತಿದ್ದೇವೆ. ಕೋವಿ ಇರೂದು ಬೆನ್ನ ಹಿಂದೆ, ಜಗಲಿ ಗೋಡೆ ಮೇಲೆ.

ಕಾರವಾರ, ಅಂಕೋಲೆಯವರು ಹೀಗೆ ರಸ್ತೆ ಕಡೆ ನೋಡೂಕೆ ಕಾರಣವೂ ಅದೆ. ನಮ್ಮ ನೆನಪಿನಲ್ಲಿ ಗುಂಡು ಅಂದ್ರೆ ಹೊರಗಿನಿಂದ ಬಂದವರದ್ದು. 2000ದ ಫೆಬ್ರವರಿಯಲ್ಲಿ ಕಾರವಾರದಲ್ಲಿ ಶಾಸಕ ವಸಂತ ಅಸ್ನೋಟಿಕರರನ್ನು ಗುಂಡಿಟ್ಟು ಕೊಂದ್ರು. 2013ರ ಡಿಸೆಂಬರ್ 21ಕ್ಕೆ ಅಂಕೋಲೆಯಲ್ಲಿ ಆರ್.ಎನ್. ನಾಯಕರನ್ನು ಹಾಗೇ ಕೊಂದ್ರು, ಆ ಕೇಸಿನಲ್ಲಿ ಬನ್ನಂಜೆ ರಾಜನಿಗೆ ಶಿಕ್ಷೆ ಆಗೂಕೆ 2022 ಬರಬೇಕಾತು. ಅವತ್ತಿಂದ ನಮ್ಮ ತಲೆಯಲ್ಲಿ ಒಂದು ಚಿತ್ರ ಕೂತುಬಿಟ್ಟದೆ: ಪರ ಊರಿನವ, ಗುರುತಿಲ್ಲದವ, ದುಡ್ಡಿಗೆ ಬಂದವ. ಅಂಥವನಿಗೆ ಗೇಟು ಹಾಕೂದು ಸರಿ ಅಂತ ಕಾಣ್ತದೆ. ಶಾಲೆಯಲ್ಲಿ ಕೋವಿ ಹಿಡಿದವ ಅಂಥವನಲ್ಲ ಮಾರಾಯ್ತಿ. ಅವನ ಹೆಸರು ಹಾಜರಿ ಪುಸ್ತಕದಲ್ಲಿ ಇರ್ತದೆ.

ನಮ್ಮ ದೇಶದ ಲೆಕ್ಕವನ್ನೇ ತಗಳ್ಳಿ. 2007ರ ಡಿಸೆಂಬರ್ 11ಕ್ಕೆ ದಿಲ್ಲಿ ಹತ್ರ ಗುಡಗಾಂವದ ಒಂದು ದೊಡ್ಡ ಖಾಸಗಿ ಶಾಲೆಯಲ್ಲಿ 8ನೇ ಕ್ಲಾಸಿನ ಇಬ್ಬರು ಹುಡುಗರು ತಮ್ಮದೇ ಕ್ಲಾಸಿನವನನ್ನು ಗುಂಡು ಹಾರಿಸಿ ಕೊಂದ್ರು. ಪಿಸ್ತೂಲು ಒಬ್ಬ ಹುಡುಗನ ಅಪ್ಪನದು, ಲೈಸೆನ್ಸ್ ಇದ್ದದ್ದು. 2024ರ ಜುಲೈ 31ಕ್ಕೆ ಬಿಹಾರದ ಸುಪೌಲ್ ಜಿಲ್ಲೆಯಲ್ಲಿ 5 ವರ್ಷದ ಮಗು ಪಾಟಿಚೀಲದಲ್ಲಿ ಪಿಸ್ತೂಲು ಇಟ್ಕಂಡು ನರ್ಸರಿಗೆ ಹೋತು, 3ನೇ ಕ್ಲಾಸಿನ ಹುಡುಗನ ಕೈಗೆ ಗುಂಡು ತಾಗಿತು. 5 ವರ್ಷ! ಆ ಪ್ರಾಯದಲ್ಲಿ ನಮ್ಮ ಮಕ್ಕಳಿಗೆ ಚಡ್ಡಿ ಗುಂಡಿ ಹಾಕ್ಕಳೂಕೆ ಬರೂದಿಲ್ಲ. 2025ರ ಆಗಸ್ಟಿನಲ್ಲಿ ಉತ್ತರಾಖಂಡದ ಕಾಶೀಪುರದಲ್ಲಿ 9ನೇ ಕ್ಲಾಸಿನ ಹುಡುಗ ಊಟದ ಡಬ್ಬಿಯಲ್ಲಿ ಪಿಸ್ತೂಲು ತಂದು ಮಾಸ್ತರಿಗೆ ಹೊಡೆದ. ಅದಕ್ಕೆ ಎರಡು ದಿನ ಮುಂಚೆ ಆ ಮಾಸ್ತರು ಅವನ ಕೆನ್ನೆಗೆ ಹೊಡೆದಿದ್ರಂತೆ. ಡಬ್ಬಿ ಕಟ್ಟೂದು ಮನೆಯಲ್ಲಿ. ಗೇಟಿನವ ಡಬ್ಬಿ ಬಿಚ್ಚಿ ನೋಡ್ತಾನಾ?

ನಮ್ಮ ರಾಜ್ಯದಲ್ಲೇ, 2015ರ ಮಾರ್ಚ್ 31ರ ರಾತ್ರಿ, ಬೆಂಗಳೂರಿನ ಕಾಡುಗೋಡಿಯ ಕಾಲೇಜಿನ ಹಾಸ್ಟೆಲಿನಲ್ಲಿ ಪಿಯುಸಿ ಓದೂ ಹುಡುಗಿಯನ್ನು ಗುಂಡಿಟ್ಟು ಕೊಂದ್ರು, ಇನ್ನೊಬ್ಬಳಿಗೆ ಗಾಯ. ಕೊಂದವ ಯಾರು? ಅದೇ ಸಂಸ್ಥೆಯ ಅಟೆಂಡರ. ಗೋಡೆಯ ಒಳಗಿನವ. ಹತ್ತು ಅಡಿ ಕಂಪೌಂಡು ಕಟ್ಟಿದ್ರೆ ಆ ಹುಡುಗಿ ಉಳಿಯೂದಿತ್ತಾ? ವಾಚಮನ್ ಇಡೂ ಉಮೇದಿನಲ್ಲಿ ಇರೂ ನಮ್ಮವರು ಇದನ್ನೂ ಒಮ್ಮೆ ಯೋಚನೆ ಮಾಡ್ಲಿ. ಇಡೂ ಮನುಷ್ಯ ಯಾರು, ಹೆಣ್ಣುಮಕ್ಕಳ ಬಗ್ಗೆ ಅವನ ನಡತೆ ಎಂಥದ್ದು, ಪೊಲೀಸರ ಹತ್ರ ಪರಿಶೀಲನೆ ಮಾಡ್ಸಿದ್ದಾರಾ ಅಂತ ಮೀಟಿಂಗಿನಲ್ಲಿ ಒಬ್ಬರೂ ಕೇಳ್ಲಿಲ್ಲ. ಕ್ಯಾಮರಾ ಯಾವ ಕಂಪನಿಯದು ಅಂತ ಅರ್ಧ ತಾಸು ಚರ್ಚೆ ಆತು.

ಅಮೆರಿಕದ ವಿಡಿಯೋ ಕಳಿಸೂವವರು ಅಮೆರಿಕದವರು ಕಲ್ತ ಪಾಠವನ್ನೂ ಕಳಿಸ್ಬೇಕಲ್ಲ? ಅಲ್ಲಿಯ ಅಧ್ಯಕ್ಷರನ್ನು ಕಾಯೂ ಸೀಕ್ರೆಟ್ ಸರ್ವಿಸಿನವರು ಶಿಕ್ಷಣ ಇಲಾಖೆ ಜೊತೆ ಕೂತ್ಕಂಡು, 1974ರಿಂದ 2000ದ ವರೆಗೆ ಶಾಲೆಗಳಲ್ಲಿ ಆದ 37 ಪ್ರಕರಣಗಳನ್ನು ಒಂದೊಂದಾಗಿ ಬಿಡಿಸಿ ನೋಡಿದ್ರು. ಹೊಡೆದ ಹುಡುಗರಲ್ಲಿ ಕೆಲವರನ್ನು ಜೈಲಿಗೇ ಹೋಗಿ ಮಾತಾಡ್ಸಿದ್ರು. ವರದಿ 2002ರಲ್ಲಿ ಬಂತು. ಅದರಲ್ಲಿ ನಂಗೆ ಎದೆಗೆ ನಾಟಿದ್ದು ಎರಡು ಲೆಕ್ಕ. 100ಕ್ಕೆ 68 ಜನರಿಗೆ ಕೋವಿ ಸಿಕ್ಕಿದ್ದು ಸ್ವಂತ ಮನೆಯಲ್ಲಿ, ಇಲ್ಲಾ ನೆಂಟರ ಮನೆಯಲ್ಲಿ. ಮತ್ತೆ 100ಕ್ಕೆ 81 ಪ್ರಕರಣಗಳಲ್ಲಿ, ಇವ ಎಂತದೋ ಮಾಡೂಕೆ ಹೊರಟಿದ್ದಾನೆ ಅಂತ ಮತ್ತೊಬ್ಬರಿಗಾದ್ರೂ ಮುಂಚೆಯೇ ಗೊತ್ತಿತ್ತು. ಗೊತ್ತಿದ್ದವರು ಯಾರು ಅಂದ್ರೆ ಹೆಚ್ಚಾಗಿ ಅವನ ಓರಗೆಯ ಮಕ್ಕಳೇ. ದೊಡ್ಡವರಿಗೆ ಹೇಳ್ಲಿಲ್ಲ.

ನೆಂಟರ ಮನೆ ಅಂದ ಕೂಡ್ಲೆ ನಂಗೆ ಕಣ್ಣೆದುರು ಬಂದದ್ದು ನಮ್ಮದೇ ಮನೆಗಳು. ಅಂಕೋಲೆಯಿಂದ ಹಿಲ್ಲೂರು, ಅಚವೆ ಕಡೆ ಹೋಗಿ, ಕಾರವಾರದಿಂದ ಕದ್ರಾ, ದೇವಳಮಕ್ಕಿ ಕಡೆ ಹೋಗಿ, ಅಡವಿ ಅಂಚಿನ ತೋಟದ ಮನೆ ಯಾವುದಾದ್ರೂ ಹೊಕ್ಕಿ. ಜಗಲಿಯಲ್ಲಿ ದೇವರ ಪಟ, ಸತ್ತ ಹಿರಿಯರ ಫೋಟೋ, ಸೊಸೈಟಿ ಕ್ಯಾಲೆಂಡರು, ಅದರ ಪಕ್ಕ ಮೊಳೆಗೆ ತೂಗಿದ ಕೋವಿ. ಅದರ ಮೇಲೆ ಒಂದು ಒದ್ದೆ ಪಂಚೆ ಒಣಗ್ತಾ ಇದ್ರೂ ಆಶ್ಚರ್ಯ ಇಲ್ಲ. ತೋಟಾ ಎಲ್ಲಿ ಅಂದ್ರೆ ಎಲೆ ಅಡಿಕೆ ಡಬ್ಬಿ ಹಿಂದೆ. ಮನೆಯ ಸಣ್ಣ ಪೋರನಿಗೂ ಗೊತ್ತು. ಆಯುಧ ಪೂಜೆ ದಿವಸ ಕತ್ತಿ, ನೇಗಿಲು, ಸ್ಕೂಟರಿನ ಸಾಲಿನಲ್ಲಿ ಅದನ್ನೂ ಇಳಿಸಿ ಕುಂಕುಮ ಹಚ್ತಾರೆ, "ಹಿಡ್ಕಾ ನೋಡ್ವ" ಅಂತ ಮೊಮ್ಮಗನ ಕೈಗೆ ಕೊಟ್ಟು ಫೋಟೋ ಹೊಡೀತಾರೆ. ಆ ಫೋಟೋ ಸ್ಟೇಟಸ್ಸಿಗೆ ಹಾಕೂದು ಯಾರು? ನಾವೇ.

ಕೋವಿ ಬೇಡವೇ ಬೇಡ ಅಂತ ನಾನು ಹೇಳ್ತಾ ಇಲ್ಲ. ಒಂದೇ ರಾತ್ರಿಯಲ್ಲಿ ಹಂದಿ ಹಿಂಡು ಗದ್ದೆಯನ್ನು ಹೇಗೆ ಉತ್ತು ಹಾಕ್ತದೆ, ಮಂಗ ಎಳನೀರನ್ನು ಹೇಗೆ ಕಿತ್ತು ಬಿಸಾಡ್ತದೆ ಅಂತ ಪೇಟೆಯಲ್ಲಿ ಕೂತವರಿಗೆ ಗೊತ್ತಾಗೂದಿಲ್ಲ. ಬೆಳೆ ರಕ್ಷಣೆಗೆ ಲೈಸೆನ್ಸ್ ಕೊಟ್ಟದ್ದು ಜಿಲ್ಲಾಧಿಕಾರಿ ಕಚೇರಿಯೇ. ನನ್ನ ಜಗಳ ಕೋವಿ ಜೊತೆಗಲ್ಲ, ಮೊಳೆ ಜೊತೆಗೆ. 2016ರ ಆಯುಧ ನಿಯಮದಲ್ಲಿ ಕೋವಿಯನ್ನು ಭದ್ರವಾಗಿ ಇಡೂ ವ್ಯವಸ್ಥೆ ಅದೆ ಅಂತ ತೋರಿಸ್ಬೇಕು ಅಂತ ಇದ್ದದ್ದೇ. ಮೊಳೆ ಭದ್ರವಾ?

ಇನ್ನೊಂದು ಏರ್‌ಗನ್ನು. 20 ಜೂಲಿಗಿಂತ ಕಡಿಮೆ ಶಕ್ತಿಯ, ಸಣ್ಣ ನಳಿಗೆಯದಕ್ಕೆ ಲೈಸೆನ್ಸೇ ಬೇಡ, ಅಂಗಡಿಯಲ್ಲಿ ದುಡ್ಡು ಕೊಟ್ರೆ ಆತು. ಹಾಗಾಗಿ ಅದನ್ನು ಯಾರೂ ಕೋವಿ ಅಂತಲೇ ಎಣಿಸೂದಿಲ್ಲ, ಮಂಗ ಓಡ್ಸೂ ಸಾಮಾನು. 2025ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲೂಕಿನಲ್ಲಿ, ನಮ್ಮದೇ ಜಿಲ್ಲೆಯಲ್ಲಿ, ಮಂಗ ಓಡ್ಸೂಕೆ ಇಟ್ಟ ಏರ್‌ಗನ್ನು ಮಕ್ಕಳ ಕೈಗೆ ಹೋಗಿ 9 ವರ್ಷದ ಹುಡುಗ ತೀರಿಹೋದ. ಅದೇ ವರ್ಷ ಫೆಬ್ರವರಿಯಲ್ಲಿ ಮಂಡ್ಯ ಜಿಲ್ಲೆಯ ನಾಗಮಂಗಲ ತಾಲೂಕಿನ ಒಂದು ಕೋಳಿ ಫಾರ್ಮಿನಲ್ಲಿ ತೂಗಿಸಿ ಇಟ್ಟ ಕೋವಿಯನ್ನು 13 ವರ್ಷದ ಹುಡುಗ ಆಟಕ್ಕೆ ಇಳಿಸಿದ. ಇನ್ನೂ ಶಾಲೆ ಮೆಟ್ಟಲು ಹತ್ತದ ಒಂದು ಮಗು ಹೋತು, ತಾಯಿಗೂ ಗಾಯ ಆತು. ಈ ಎರಡೂ ಶಾಲೆ ಅಲ್ಲ, ಯಾರಿಗೂ ಯಾರ ಮೇಲೂ ಸಿಟ್ಟು ಇರ್ಲಿಲ್ಲ. ನಾನು ಹೇಳೂದು ಇಷ್ಟೇ: ಸಿಟ್ಟಿಲ್ಲದ ಮಕ್ಕಳ ಕೈಗೇ ಇಷ್ಟು ಸಲೀಸಾಗಿ ಸಿಕ್ಕ ಕೋವಿ, ಸಿಟ್ಟು ಬಂದ ಮಗುವಿಗೆ ಸಿಕ್ಕೂದು ಎಷ್ಟು ಹೊತ್ತಿನ ಮಾತು?

ಗಂಡಸರಿಗೆ ಹೇಳಿದ್ರೆ, "ಬೀಗ ಹಾಕಿಟ್ರೆ ಹಂದಿ ಬಂದಾಗ ತೆಗೆಯೂದು ಯಾವಾಗ?" ಅಂತಾರೆ. ಒಳ್ಳೆ ಪ್ರಶ್ನೆ. ಎಲೆಕ್ಷನ್ ಬಂದಾಗ ಎಂತಾ ಮಾಡ್ತೀರಿ ಅಂತ ನಾ ಕೇಳ್ತೆ. ಎಲೆಕ್ಷನ್ ಘೋಷಣೆ ಆದ ಕೂಡ್ಲೆ ಕೋವಿ ಠಾಣೆಗೆ ಒಪ್ಪಿಸ್ಬೇಕು ಅಂತ ನೋಟಿಸು ಬರ್ತದೆ, ಬೈಕಂಡಾದ್ರೂ ಒಯ್ದು ಕೊಡ್ತಾರೆ, ತಿಂಗಳುಗಟ್ಟಲೆ ಅದು ಅಲ್ಲೇ ಇರ್ತದೆ. ಆಗ ಡಬ್ಬಿ ಬಡಿದು, ಬೆಂಕಿ ಹಾಕಿ, ಪಟಾಕಿ ಹಾರಿಸಿ ಹಂದಿ ಓಡಿಸ್ತಾರೆ. ಮತಪೆಟ್ಟಿಗೆಗೋಸ್ಕರ ಕೋವಿ ಮನೆ ಬಿಟ್ಟು ಹೋಗ್ತದೆ. ಎಸ್ಸೆಸ್ಸೆಲ್ಸಿ ರಿಸಲ್ಟಿನ ದಿವಸ ಮಾತ್ರ ಅದೇ ಮೊಳೆಯ ಮೇಲೆ, ಫೇಲಾದ ಹುಡುಗನ ತಲೆಯ ಮೇಲೇ ತೂಗ್ತಾ ಇರ್ತದೆ. ಇದು ಬರೇ ಬೇರೆಯವರನ್ನು ಹೊಡೆಯೂ ಮಾತಲ್ಲ. ಅಮೆರಿಕದಲ್ಲಿ ಕೋವಿಯಿಂದ ಸಾಯೂವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ತಮ್ಮ ಪ್ರಾಣ ತಾವೇ ತಗಂಡವರು. ಕೆಟ್ಟ ಗಳಿಗೆ ಒಂದು ದಾಟಿದ್ರೆ ಮಗು ಉಳೀತದೆ, ಆ ಗಳಿಗೆಗೆ ಬೀಗ ಬೇಕು. ಲೈಸೆನ್ಸಿಲ್ಲದ ನಾಡಕೋವಿಯ ಮಾತು ಎತ್ತೂದೇ ಇಲ್ಲ ನಾನು, ಅದು ಮನೆಯಲ್ಲಿ ಇರೂದೇ ಅಪರಾಧ.

ಈಗ "ಮುನ್ಸೂಚನೆ" ಅಂತ ವಾಟ್ಸಾಪಿನಲ್ಲಿ ಬಂದ ಪಟ್ಟಿಗೆ ಬರ್ತೆ. ಮೊಬೈಲಿನಲ್ಲಿ ಗುಂಡಿನ ಆಟ ಆಡೂವವ, ಕಪ್ಪು ಅಂಗಿ ಹಾಕೂವವ, ಕೂದಲು ಬಿಟ್ಟವ, ಒಬ್ಬನೇ ಇರೂವವ. ಅದನ್ನು ಓದಿ ಮೀಟಿಂಗಿನಲ್ಲಿ ಹೆಂಗಸರ ಕಣ್ಣು ತಿರುಗಿದ್ದು ಯಾರ ಕಡೆ ಅಂತ ನಾ ನೋಡ್ದೆ. ಹೊರಗಿನಿಂದ ಕೆಲಸಕ್ಕೆ ಬಂದವರ ಮಕ್ಕಳ ಕಡೆ, ಅಪ್ಪ ಕುಡಿಯೂ ಮನೆಯ ಹುಡುಗನ ಕಡೆ. "ಅವನ ಮುಖ ನೋಡಿದ್ರೇ ಗೊತ್ತಾಗ್ತದೆ" ಅಂದ್ರು ಒಬ್ಬರು. ಇದು ಪಾಪದ ಮಾತು, ಅಲ್ಲದೆ ಸುಳ್ಳು ಮಾತು. ಆ 37 ಪ್ರಕರಣ ಓದಿದವರೇ ಹೇಳಿದ್ದು, ಹೊಡೆದ ಹುಡುಗರಿಗೆಲ್ಲ ಹೊಂದೂ ಒಂದು ಮುಖ, ಒಂದು ನಮೂನೆ ಇಲ್ಲ ಅಂತ. ಒಳ್ಳೆ ಮಾರ್ಕಿನವರೂ ಇದ್ರು, ಗೆಳೆಯರು ಇದ್ದವರೂ ಇದ್ರು. ಗುಡಗಾಂವದ ಹುಡುಗರು ಕೂಲಿಯವರ ಮಕ್ಕಳಾಗಿರ್ಲಿಲ್ಲ. ಮುಖ ನೋಡಿ ಬೆರಳು ಮಾಡಿದ್ರೆ, ಮೊದಲೇ ಮೂಲೆಗೆ ಬಿದ್ದ ಮಗುವನ್ನು ಇನ್ನೊಂದು ಮೊಳ ಒಳಗೆ ತಳ್ಳಿದ ಹಾಗೆ.

ನೋಡ್ಬೇಕಾದ್ದು ಮುಖ ಅಲ್ಲ, ಮಾತು ಮತ್ತೆ ಬದಲಾವಣೆ. "ಅವನ್ನ ಒಂದು ದಿನ ಮುಗಿಸ್ತೆ" ಅಂತ ಒಮ್ಮೆ ಸಿಟ್ಟಿನಲ್ಲಿ ಅಂದದ್ದು ಬೇರೆ. ಅದೇ ಮಾತು ವಾರಗಟ್ಟಲೆ ಬಂದ್ರೆ, ಯಾರನ್ನು, ಎಲ್ಲಿ, ಯಾವ ದಿವಸ ಅಂತ ವಿವರ ಸೇರಿದ್ರೆ ಬೇರೆ. ಈವರೆಗೆ ಕೋವಿ ಕಡೆ ತಿರುಗಿ ನೋಡದವ ಕೀಲಿ ಎಲ್ಲಿ, ತೋಟಾ ಎಷ್ಟದೆ ಅಂತ ಕೇಳೂಕೆ ಹತ್ತಿದ್ರೆ, ತೋಟಾ ಲೆಕ್ಕದಲ್ಲಿ ಒಂದೆರಡು ಕಡಿಮೆ ಬಂದ್ರೆ, ಬೇರೆ ದೇಶದಲ್ಲಿ ಹೀಗೆ ಹೊಡೆದವರ ಹೆಸರು ಬಾಯಿಪಾಠ ಮಾಡಿ ಹೊಗಳ್ತಾ ಇದ್ರೆ, ನೋಟುಬುಕ್ಕಿನ ಹಿಂದೆ ರಕ್ತ, ಕೋವಿಯ ಚಿತ್ರ ಬರೀತಾ ಇದ್ರೆ, ತನ್ನ ಇಷ್ಟದ ಸಾಮಾನು ಗೆಳೆಯರಿಗೆ ಹಂಚೂಕೆ ಶುರು ಮಾಡಿದ್ರೆ, "ನಾನು ಇಲ್ಲದಿದ್ರೆ ನಿಮಗೆ ಸುಖ" ಅಂದ್ರೆ. ಬೆಕ್ಕಿನ ಮರಿ, ನಾಯಿಮರಿಗೆ ಹಿಂಸೆ ಮಾಡಿ ನಗ್ತಾ ಇದ್ರೂ ನೋಡ್ಕಳ್ಳಿ. ಇದರಲ್ಲಿ ಒಂದು ಕಂಡ ಕೂಡ್ಲೆ ಅವ ಕೊಲೆಗಾರ ಅಂತಲ್ಲ. ಅವ ಸಂಕಟದಲ್ಲಿದ್ದಾನೆ ಅಂತ. ಅವತ್ತು ರಾತ್ರಿಯೇ ಅವನ ಪಕ್ಕ ಕೂತ್ಕಣ್ಬೇಕು, ಅವತ್ತು ರಾತ್ರಿಯೇ ಕೋವಿ ಆ ಮನೆಯಿಂದ ಬೇರೆ ಕಡೆ ಹೋಗ್ಬೇಕು.

ಎರಡನೇದು ಬಿಟ್ಟು ಹೋದ್ರೆ ಎಂತಾ ಆಗ್ತದೆ ಅನ್ನೂದಕ್ಕೆ ಅಮೆರಿಕದ ಮಿಶಿಗನ್ನಿನ ಒಬ್ಬ ತಾಯಿಯ ಕತೆ ಹೇಳ್ತೆ. ಜೆನಿಫರ್ ಕ್ರಂಬ್ಲಿ ಅಂತ ಹೆಸರು. 2021ರ ನವೆಂಬರ್ 26ಕ್ಕೆ ಗಂಡ 15 ವರ್ಷದ ಮಗನಿಗೋಸ್ಕರ ಪಿಸ್ತೂಲು ಕೊಂಡ. ಮರುದಿವಸ ತಾಯಿಯೇ ಅಭ್ಯಾಸಕ್ಕೆ ಕರಕಂಡು ಹೋದಳು. 30ಕ್ಕೆ ಬೆಳಿಗ್ಗೆ ಶಾಲೆಯಿಂದ ಫೋನು: ನಿಮ್ಮ ಮಗ ಗಣಿತದ ಹಾಳೆ ಮೇಲೆ ಪಿಸ್ತೂಲು, ಗುಂಡು ಬಿದ್ದ ಮನುಷ್ಯನ ಚಿತ್ರ ಬರೆದಿದ್ದಾನೆ, ನಂಗೆ ಸಹಾಯ ಬೇಕು ಅಂತ ಬರೆದಿದ್ದಾನೆ, ಬನ್ನಿ. ತಂದೆತಾಯಿ ಇಬ್ಬರೂ ಬಂದ್ರು. ಮನೆಯಲ್ಲಿ ಪಿಸ್ತೂಲು ಅದೆ ಅಂತ ಅವರು ಹೇಳ್ಲಿಲ್ಲ, ಚೀಲ ನೋಡ್ವ ಅಂತ ಯಾರೂ ಅನ್ಲಿಲ್ಲ. ಮಗನನ್ನು ಮನೆಗೆ ಕರಕಂಡು ಹೋಗದೆ ಇಬ್ಬರೂ ಕೆಲಸಕ್ಕೆ ಹೋದ್ರು. ಪಿಸ್ತೂಲು ಆ ಹೊತ್ತಿಗೆ ಚೀಲದಲ್ಲೇ ಇತ್ತು. ಮಧ್ಯಾಹ್ನ ಅವ ಹೊಡೆದ ಗುಂಡಿಗೆ ನಾಲ್ಕು ಮಕ್ಕಳು ಸತ್ರು. 2024ರಲ್ಲಿ ತಾಯಿಗೂ ತಂದೆಗೂ 10ರಿಂದ 15 ವರ್ಷ ಜೈಲಾತು. ಆ ಬೆಳಿಗ್ಗೆ ಅಲ್ಲಿ ಎಲ್ಲ ಮುನ್ಸೂಚನೆಯೂ ಮೇಜಿನ ಮೇಲೆ ಹರಡಿ ಬಿದ್ದಿತ್ತು. ಕಾಣಿಸ್ಲಿಲ್ಲ ಅಂತಲ್ಲ. ಕಂಡ ಮೇಲೆ ಕೇಳ್ಬೇಕಾದ ಒಂದೇ ಪ್ರಶ್ನೆ ಇತ್ತು, ಪಿಸ್ತೂಲು ಈಗ ಎಲ್ಲದೆ ಅಂತ. ಅದನ್ನು ಯಾರೂ ಕೇಳ್ಲಿಲ್ಲ.

ಈಗ ನಮ್ಮ ಮನೆಗಳ ಒಂದು ಹಳೇ ಬುದ್ಧಿಯ ಮೇಲೆ ಸಿಟ್ಟು ಮಾಡ್ತೆ, ಬೇಜಾರ ಮಾಡ್ಕಳ್ಬೇಡಿ. ಮಗು ಶಾಲೆಯಿಂದ ಬಂದು, "ಆಯಿ, ಅವ ಹಾಗಂದ, ಇವ ಹೀಗಂದ" ಅಂದ್ರೆ ನಾವು ಎಂತಾ ಹೇಳ್ತೇವೆ? "ಚಾಡಿ ಹೇಳ್ಬೇಡ, ಕೈಕಾಲು ತೊಳ್ಕಾ." ಹತ್ತು ವರ್ಷ ಹೀಗೇ ಹೇಳಿ, ಹದಿನಾಲ್ಕನೇ ವರ್ಷಕ್ಕೆ ಗೆಳೆಯ ಚೀಲದಲ್ಲಿ ಎಂತದೋ ತಂದದ್ದನ್ನು ಅವ ನಮಗೆ ಹೇಳ್ಬೇಕು ಅಂದ್ರೆ ಹೇಗೆ ಹೇಳ್ತಾನೆ? ಅದೇ ಸೀಕ್ರೆಟ್ ಸರ್ವಿಸಿನವರು 2021ರಲ್ಲಿ ಇನ್ನೊಂದು ವರದಿ ತಂದ್ರು, ಆಗದೆ ತಪ್ಪಿಹೋದ 67 ಸಂಚುಗಳದ್ದು. ಅವು ತಪ್ಪಿದ್ದು ಕ್ಯಾಮರಾದಿಂದ ಅಲ್ಲ. ಹೆಚ್ಚಿನ ಕಡೆ ಯಾರೋ ಒಬ್ಬ ಗೆಳೆಯ, ಗೆಳತಿ, ದೊಡ್ಡವರ ಹತ್ರ ಹೋಗಿ ಹೇಳಿದ್ದರಿಂದ. ಇನ್ನೊಬ್ಬನನ್ನು ಬೈಸೂಕೆ ಹೇಳೂದು ಚಾಡಿ, ಇನ್ನೊಬ್ಬನಿಗೆ ಪೆಟ್ಟಾಗದ ಹಾಗೆ ಹೇಳೂದು ಚಾಡಿ ಅಲ್ಲ ಅಂತ ಮಕ್ಕಳಿಗೆ ಬಿಡಿಸಿ ಹೇಳ್ಬೇಕು. ಮತ್ತೆ ಅವರು ಹೇಳಿದ್ದನ್ನು ನಾವು ಬಾವಿಕಟ್ಟೆಯಲ್ಲಿ, ಮೀನುಪೇಟೆಯಲ್ಲಿ ಹೊಸ ಸುದ್ದಿ ಮಾಡೂ ಹಾಗಿಲ್ಲ. ಒಮ್ಮೆ ಹಾಗೆ ಮಾಡಿದ್ರೆ ಆ ಮಗು ಮತ್ತೆ ಜನ್ಮದಲ್ಲಿ ಬಾಯಿ ಬಿಡೂದಿಲ್ಲ.

ಶಾಲೆಯವರ ಪಾಲೂ ಇಲ್ಲದೆ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಮಕ್ಕಳಿಗೆ ಹೊಡೆಯೂದು, ಮನಸ್ಸಿಗೆ ನೋವು ಮಾಡೂದು ಎರಡೂ ಇಲ್ಲ ಅಂತ ಬರೆದದೆ. ಆದ್ರೂ ನಲವತ್ತು ಮಕ್ಕಳ ಎದುರು ನಿಲ್ಲಿಸಿ, "ನೀನು ಮೀನು ಮಾರೂಕೇ ಲಾಯಕ್ಕು" ಅನ್ನೂ ಮಾತು ಈಗಲೂ ನಡೀತದೆ. ಮೀನು ಮಾರೂದು ಕೀಳು ಕೆಲಸ ಅಂತ ಇವರಿಗೆ ಹೇಳಿದವರು ಯಾರು, ಅದು ಬೇರೆ ಜಗಳ. ಗಂಡುಮಕ್ಕಳು ಒಬ್ಬನನ್ನೇ ಹಿಡಿದು ಆಡ್ಕಂಡು ನಗೂದನ್ನು "ಹುಡುಗರ ತಂಟೆ" ಅಂತ ಬಿಡ್ತಾರೆ. ಅದೇ ವರದಿಯಲ್ಲಿ, ಹೊಡೆದವರಲ್ಲಿ 100ಕ್ಕೆ 71 ಜನ ಮುಂಚೆ ಬೇರೆಯವರಿಂದ ಹಿಂಸೆ, ಕಾಟ ಅನುಭವಿಸಿದವರು ಅಂತ ಅದೆ. ಇದರಿಂದ ಕೊಂದದ್ದಕ್ಕೆ ಮಾಫಿ ಸಿಗೂದಿಲ್ಲ. ಕ್ಯಾಮರಾಕ್ಕೆ ಕೊಟ್ಟ ದುಡ್ಡಿನಲ್ಲಿ ಅರ್ಧ, ವಾರಕ್ಕೊಮ್ಮೆ ಬಂದು ಮಕ್ಕಳ ಮಾತು ಕೇಳೂ ಒಬ್ಬ ಕಲಿತ ಕೌನ್ಸೆಲರಿಗೆ ಕೊಟ್ಟಿದ್ರೆ ಎಂತಾ ಆಗ್ತಿತ್ತು ಅಂತ ಕೇಳೂಕೆ ಮಾತ್ರ ಇದನ್ನು ಬರ್ದೆ. ಅಲ್ಲೀವರೆಗೆ ಈ ನಂಬರು ಫ್ರಿಜ್ಜಿನ ಮೇಲೆ ಬರೆದಿಡಿ: ಮನಸ್ಸಿನ ಸಂಕಟಕ್ಕೆ ಟೆಲಿ ಮಾನಸ್ 14416, ಮಕ್ಕಳ ಸಹಾಯಕ್ಕೆ 1098, ಎದುರಿಗೆ ಅಪಾಯ ಕಂಡ್ರೆ 112.

ತಯಾರಿ ಬೇಡ ಅಂತ ಅಲ್ಲ. 2025ರ ಮೇ ತಿಂಗಳಲ್ಲಿ ದೇಶದಲ್ಲೆಲ್ಲ ಮಾಕ್ ಡ್ರಿಲ್ ಅಂದಾಗ ಕಾರವಾರದ ಹೆಸರೂ ಪಟ್ಟಿಯಲ್ಲಿತ್ತು. ಕೈಗಾ, ಸೀಬರ್ಡ್ ಪಕ್ಕ ಬದುಕೂ ನಮಗೆ ಸೈರನ್ ಹೊಸತಲ್ಲ. ಶಾಲೆಯಲ್ಲೂ ವರ್ಷಕ್ಕೆರಡು ಸಲ ಮಾಡ್ಲಿ. ಕ್ಲಾಸಿನ ಬಾಗಿಲಿಗೆ ಒಳಗಿಂದ ಹಾಕೂ ಚಿಲಕ ಸರಿ ಅದೆಯಾ? ಎಷ್ಟೋ ಕಡೆ ಚಿಲಕ ತುಕ್ಕು ಹಿಡಿದು ಕಲ್ಲು ಇಟ್ಟಿರ್ತಾರೆ. ಹಿಂದಿನ ಬಾಗಿಲ ಕೀಲಿ ಯಾರ ಹತ್ರ? ಓಡೂ ದಾರಿ ಇದ್ರೆ ಓಡೂದು, ಇಲ್ಲದಿದ್ರೆ ಬಾಗಿಲು ಹಾಕಿ, ಬೆಂಚು ಅಡ್ಡ ಕೊಟ್ಟು, ಗೋಡೆ ಬದಿಗೆ ಉಸಿರು ಹಿಡಿದು ಕೂತ್ಕಣೂದು. ಬೆಂಕಿ ಬಿದ್ದಾಗ, ಹುಚ್ಚುನಾಯಿ ನುಗ್ಗಿದಾಗ ಅಕ್ಕೋರ ಮಾತು ಕೇಳಿ ಸಾಲಾಗಿ ನಡೆಯೂ ಅಭ್ಯಾಸ ಇದಕ್ಕೂ ಉಪಯೋಗ. ಆದ್ರೆ ಒಂದನೇ ಕ್ಲಾಸಿನ ಮಕ್ಕಳ ಎದುರು ಮುಖಕ್ಕೆ ಬಟ್ಟೆ ಕಟ್ಟಿದವನನ್ನು ನಿಲ್ಲಿಸಿ, ಪಟಾಕಿ ಹೊಡೆದು ನಾಟಕ ಮಾಡೂದು ಬೇಡ. ರಾತ್ರಿ ಹಾಸಿಗೆ ಒದ್ದೆ ಮಾಡ್ಕಳೂ ಮಕ್ಕಳನ್ನು ಎಬ್ಸಿ ಒರಸೂವವರು ನಾವು.

ಮತ್ತೆ ಸುದ್ದಿ ಬಂದ ಕೂಡ್ಲೆ ಎಲ್ಲರೂ ಸ್ಕೂಟಿ ತಗಂಡು ಗೇಟಿಗೆ ನುಗ್ಗೂದನ್ನು ಬಿಡ್ಬೇಕು. ದಾರಿ ಕಟ್ಟಿದ್ರೆ ಆಂಬುಲೆನ್ಸ್ ಒಳಗೆ ಬರೂದು ಹೇಗೆ? ಕ್ಲಾಸಿಗೊಬ್ಬ ತಾಯಿ ಅಂತ ಈಗಲೇ ಠರಾವು ಮಾಡಿ, ಶಾಲೆಯವರು ಅವಳಿಗೆ ಹೇಳ್ಲಿ, ಅವಳು ಉಳಿದವರಿಗೆ. ಒಳಗೆ ಅಡಗಿ ಕೂತ ಅಕ್ಕೋರಿಗೆ ಫೋನು ಮಾಡ್ಬೇಡಿ, ಆ ರಿಂಗು ಅವರ ಜಾಗ ತೋರಿಸಿಕೊಡ್ತದೆ.

ಗುಂಡಿನ ಗಾಯ ಆದ್ರೆ ನಮ್ಮ ಜಿಲ್ಲೆಯ ಕಷ್ಟ ನಿಮಗೆ ಗೊತ್ತೇ ಅದೆ. ಕಾರವಾರದಲ್ಲಿ ಮೆಡಿಕಲ್ ಕಾಲೇಜು ಬಂದ್ರೂ, ದೊಡ್ಡ ಪೆಟ್ಟಾದ್ರೆ ಇವತ್ತಿಗೂ ಗೋವಾದ ಬಾಂಬೋಳಿಯೋ, ಮಣಿಪಾಲವೋ, ಹುಬ್ಬಳ್ಳಿಯೋ ಅಂತ ಓಡೂದೇ. ಎಮರ್ಜೆನ್ಸಿ ಆಸ್ಪತ್ರೆ ಬೇಕು ಅಂತ ಕೂಗಿ ಕೂಗಿ ಜಿಲ್ಲೆಯವರ ಗಂಟಲು ಆರಿದೆ. 2024ರ ಜುಲೈ 16ಕ್ಕೆ ಶಿರೂರಲ್ಲಿ ಗುಡ್ಡ ಬಿದ್ದು ದಕ್ಷಿಣದ ದಾರಿ ಕಟ್ಟಿತು, ಆಗಸ್ಟ್ 7ಕ್ಕೆ ಹಳೇ ಕಾಳಿ ಸೇತುವೆ ಬಿದ್ದು ಗೋವಾದ ದಾರಿಗೂ ಪೆಟ್ಟು ಬಿತ್ತು. ಅಂಥಾ ಜಿಲ್ಲೆಯಲ್ಲಿ ಮೊದಲ ಹತ್ತು ನಿಮಿಷ ಅಲ್ಲೇ ಇದ್ದವರ ಕೈಯಲ್ಲಿ. ಚೊಕ್ಕ ಬಟ್ಟೆ, ಸಿಗದಿದ್ರೆ ಉಟ್ಟ ಸೀರೆ ಸೆರಗೇ ಆಗ್ಲಿ, ರಕ್ತ ಬರೂ ಕಡೆ ಇಟ್ಟು ಎರಡೂ ಕೈಯಿಂದ ಮೈಭಾರ ಹಾಕಿ ಒತ್ತಿ ಹಿಡೀಬೇಕು. ನಿಂತಿತಾ ಅಂತ ತೆಗೆದು ತೆಗೆದು ನೋಡೂ ಹಾಗಿಲ್ಲ. ಒದ್ದೆ ಆದ್ರೆ ಅದರ ಮೇಲೇ ಇನ್ನೊಂದು ಬಟ್ಟೆ. ನೀರು ಕುಡಿಸ್ಬೇಡಿ. 108ಕ್ಕೆ ಇನ್ನೊಬ್ಬರು ಫೋನು ಮಾಡ್ಲಿ. ಇದು ಕತ್ತಿ ತಾಗಿದಾಗ, ಅಪಘಾತ ಆದಾಗ ಕೂಡ ಇದೇ, ನಮ್ಮ ಹೆದ್ದಾರಿಯಲ್ಲಿ ದಿನಾ ಬೇಕಾಗೂ ವಿದ್ಯೆ. ಮೆಡಿಕಲ್ ಕಾಲೇಜಿನವರನ್ನೋ, ಪ್ರಾಥಮಿಕ ಆರೋಗ್ಯ ಕೇಂದ್ರದವರನ್ನೋ ಕರೆಸಿ ಒಂದು ಮಧ್ಯಾಹ್ನ ನಮಗೇ ಕಲಿಸಿ ಅಂದ್ರೆ ಯಾರೂ ಒಲ್ಲೆ ಅನ್ನೂದಿಲ್ಲ.

ಕಡೆಗೆ ಬೀಗದ ಮಾತು. ಒಂದು ಕಬ್ಬಿಣದ ಟ್ರಂಕು, ಒಂದು ಗಟ್ಟಿ ಬೀಗ. ಕೋವಿ ಖಾಲಿ ಮಾಡಿ ಅದರೊಳಗೆ. ತೋಟಾ ಬೇರೆ ಡಬ್ಬಿಯಲ್ಲಿ, ಬೇರೆ ಕೋಣೆಯಲ್ಲಿ, ಅದಕ್ಕೆ ಬೇರೆ ಬೀಗ, ಎಷ್ಟದೆ ಅಂತ ಕ್ಯಾಲೆಂಡರಿನ ಹಿಂದೆ ಲೆಕ್ಕ. ಕೀಲಿ ದೇವರ ಗೂಡಿನಲ್ಲಿ ಇಡೂದಲ್ಲ, ಮಕ್ಕಳಿಗೆ ಮೊದಲು ಗೊತ್ತಾಗೂ ಜಾಗ ಅದು. 2023ರ ಮೇ 3ಕ್ಕೆ ಸರ್ಬಿಯಾದ ಬೆಲ್‌ಗ್ರೇಡಿನಲ್ಲಿ 13 ವರ್ಷದ ಹುಡುಗ ಅಪ್ಪನ ಪಿಸ್ತೂಲು ತಂದು ತನ್ನ ಶಾಲೆಯಲ್ಲಿ 9 ಮಕ್ಕಳನ್ನೂ ಕಾವಲಿನವನನ್ನೂ ಕೊಂದ. ಆ ಮನೆಯಲ್ಲಿ ತಿಜೋರಿ ಇತ್ತು, ಅದನ್ನು ತೆಗೆಯೂಕೆ ಮಗನಿಗೂ ಬರ್ತಿತ್ತು. ಹಾಗಾಗಿ ಕೀಲಿ ಒಂದು ಗಂಡನ ಹತ್ರ, ಒಂದು ನಮ್ಮ ಸೊಂಟದಲ್ಲಿ, ಎರಡೂ ಸೇರದೆ ಕೋವಿಗೆ ತೋಟಾ ಬೀಳ್ಬಾರದು. ಕಪಾಟಿನ ಬಂಗಾರದ ಕೀಲಿ ನಾವು ಇಟ್ಕಳೂದಿಲ್ಲವಾ? "ಹೆಂಗಸರಿಗ್ಯಾಕೆ ಕೋವಿ ವಿಚಾರ" ಅಂದ್ರೆ, ಅದರ ಮೇಲಿನ ಧೂಳು ಒರಸೂವಾಗ ಯಾರೂ ಹಾಗೆ ಕೇಳ್ಲಿಲ್ಲ ಅಂತ ಹೇಳಿ.

ಏಪ್ರಿಲಿಗೆ ರಜೆ ಬರ್ತದೆ. ಮಕ್ಕಳು ಅಜ್ಜಿ ಮನೆ, ದೊಡ್ಡಪ್ಪನ ಮನೆ, ಅತ್ತೆ ಮನೆ ಅಂತ ಹೊರಡ್ತಾರೆ. ನನ್ನ ಮಕ್ಕಳನ್ನು ಕಳಿಸೂ ಮುಂಚೆ ನಾನು ಫೋನು ಮಾಡಿ ಕೇಳ್ತೆ: ಬಾವಿಗೆ ಕಟ್ಟೆ ಅದೆಯಾ, ನಾಯಿ ಕಚ್ತದೆಯಾ ಅಂತ ಕೇಳಿದ ಹಾಗೆ, ಕೋವಿ ಎಲ್ಲದೆ, ಏರ್‌ಗನ್ನು ಎಲ್ಲದೆ, ಕೀಲಿ ಯಾರ ಹತ್ರ. ಸಿಟ್ಟು ಬಂದ್ರೆ ಬೈಯಿರಿ, ಆದ್ರೆ ಉತ್ತರ ಕೊಟ್ಟು ಬೈಯಿರಿ. ನಿಮ್ಮ ಮಕ್ಕಳನ್ನು ಇಲ್ಲಿಗೆ ಕಳಿಸೂ ಮುಂಚೆ ನೀವೂ ಕೇಳಿ. ನಮ್ಮಲ್ಲಿ ಒಂದು ಏರ್‌ಗನ್ನು ಅದೆ, ಮಾಳಿಗೆ ಮೇಲೆ ಟ್ರಂಕಿನೊಳಗೆ. ಕೀಲಿ ನನ್ನ ಹತ್ರ. ಗುಂಡಿನ ಡಬ್ಬಿ ಬೇರೆ ಕಡೆ, ಎಲ್ಲಿ ಅಂತ ಇಲ್ಲಿ ಬರಿಯೂದಿಲ್ಲ, ನನ್ನ ಮಗನೂ ಇದನ್ನು ಓದ್ತಾನೆ.